ಆಟೋಮ್ಯಾಟಿಕ್ ಕಾರಿಗೆ ಪಿಕಪ್ ಇಲ್ಲ ಅನ್ನುವ ಮುಂಚೆ ಇಷ್ಟು ನೋಡಿ

ಹೊಸದಾಗಿ ಆಟೋಮ್ಯಾಟಿಕ್ ಕಾರು ತಗೊಂಡವರ ದೂರು ಹೆಚ್ಚುಕಡಿಮೆ ಒಂದೇ. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೈವೇಯಲ್ಲಿ ಹೋಗುತ್ತಿರುತ್ತೀರಿ, ಆನಗೋಡು ದಾಟಿದ ಮೇಲೆ ಮುಂದೆ ಒಂದು ಲಾರಿ, ಬಲಗಡೆ ಜಾಗ ಸಿಕ್ಕಿತು ಅಂತ ಆಕ್ಸಿಲರೇಟರ್ ಒತ್ತುತ್ತೀರಿ. ಗಾಡಿ ಒಂದು ಕ್ಷಣ ಏನೂ ಆಗದ ಹಾಗೆ ಇರುತ್ತದೆ. ಇನ್ನೂ ಒತ್ತುತ್ತೀರಿ. ಆಗ ಎಂಜಿನ್ ಒಮ್ಮೆಲೇ ಕೂಗಿ, ಗಾಡಿ ನುಗ್ಗಿ, ಹಿಂದಿನ ಸೀಟಿನಲ್ಲಿ ಕೂತ ಅಮ್ಮ "ನಿಧಾನ ಕಣೋ" ಅಂತಾರೆ.

ಗಾಡಿ ಕೆಟ್ಟಿದೆಯಾ? ಬಹಳ ಸಲ ಇಲ್ಲ. ಹಾಗಂತ "ಎಲ್ಲಾ ನಾರ್ಮಲ್ ಸಾರ್" ಅಂತ ಸರ್ವಿಸ್ ಸೆಂಟರಿನಲ್ಲಿ ಹೇಳಿ ಕಳಿಸುವುದೂ ಎಲ್ಲಾ ಸಲ ನಿಜ ಅಲ್ಲ. ಈ ತಡ ಮೂರು ಕಡೆ ಹುಟ್ಟಬಹುದು. ಪೆಡಲ್ ಮತ್ತು ಅದರ ಮಾತು ಕೇಳುವ ಕಂಪ್ಯೂಟರಿನಲ್ಲಿ, ಎಂಜಿನ್ನಿನಲ್ಲಿ, ಇಲ್ಲವೇ ಗೇರ್‌ಬಾಕ್ಸಿನಲ್ಲಿ. ಯಾವುದರಲ್ಲಿ ಅಂತ ಗೊತ್ತಿಲ್ಲದೆ ಏನು ಬದಲಾಯಿಸಿದರೂ ದುಡ್ಡು ದಂಡ. ಅದನ್ನು ನೀವೇ ಪತ್ತೆ ಮಾಡಬಹುದು, ಬಹುಪಾಲು ಖರ್ಚಿಲ್ಲದೆ.

ತಡ ಬಂದಿದ್ದು ಎಲ್ಲಿಂದ

ಹಳೇ ಮಾರುತಿ 800ರಲ್ಲಿ ಆಕ್ಸಿಲರೇಟರ್ ಪೆಡಲಿಗೂ ಎಂಜಿನ್ನಿಗೂ ಮಧ್ಯೆ ಒಂದು ಕೇಬಲ್ ಇತ್ತು. ಎಷ್ಟು ಒತ್ತಿದರೆ ಅಷ್ಟು ತೆರೆಯುತ್ತಿತ್ತು, ಅಷ್ಟೇ. ಈಗಿನ ಕಾರಿನಲ್ಲಿ ಕೇಬಲ್ ಇಲ್ಲ. ಪೆಡಲಿನಲ್ಲಿ ಎರಡು ಸೆನ್ಸರ್ ಇರುತ್ತವೆ, ಒಂದು ಕೈಕೊಟ್ಟರೆ ಗೊತ್ತಾಗಲಿ ಅಂತ ಎರಡು. ಅವು ಕಾಲು ಎಷ್ಟು ಕೆಳಗೆ ಹೋಯಿತು ಅಂತ ಇಸಿಯುಗೆ ಹೇಳುತ್ತವೆ. ಇಸಿಯು ಅಂದರೆ ಎಂಜಿನ್ನಿನ ಕಂಪ್ಯೂಟರ್. ಅದು ಗೇರ್ ಯಾವುದು, ಎಂಜಿನ್ ಬಿಸಿಯಾಗಿದೆಯಾ, ಎಸಿ ಓಡುತ್ತಿದೆಯಾ, ಚಕ್ರ ಜಾರುತ್ತಿದೆಯಾ ಅಂತ ಎಲ್ಲಾ ನೋಡಿಕೊಂಡು ಒಂದು ಚಿಕ್ಕ ಮೋಟಾರಿನಿಂದ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ತೆರೆಯುತ್ತದೆ. ನಿಮ್ಮ ಕಾಲು ಈಗ ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟ ಹಾಗೆ. ಮಂಜೂರು ಮಾಡುವವರು ಬೇರೆ.

ಈ ಮಂಜೂರಾತಿ ನಿಧಾನ ಆಗುವುದಕ್ಕೆ ಕಾರಣ ಇದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂತು, 2023ರ ಏಪ್ರಿಲ್ 1ರಿಂದ ಅದರ ಎರಡನೇ ಹಂತ ಬಂತು. ಎರಡನೇ ಹಂತದಲ್ಲಿ ಹೊಗೆಯ ಲೆಕ್ಕವನ್ನು ಲ್ಯಾಬಿನಲ್ಲಿ ಮಾತ್ರ ಅಲ್ಲ, ರಸ್ತೆ ಮೇಲೆ ಓಡುವಾಗಲೂ ನೋಡುತ್ತಾರೆ. ಥ್ರಾಟಲ್ ಧಡಕ್ಕನೆ ತೆರೆದರೆ ಆ ಕ್ಷಣಕ್ಕೆ ಗಾಳಿ-ಪೆಟ್ರೋಲ್ ಹದ ತಪ್ಪುತ್ತದೆ, ಹೊಗೆ ಜಾಸ್ತಿ ಆಗುತ್ತದೆ. ಹಾಗಾಗಿ ಕಂಪನಿಗಳು ಅದನ್ನು ಮೆಲ್ಲಗೆ ತೆರೆಯುವ ಹಾಗೆ ಬರೆದಿರುತ್ತವೆ. ಜರ್ಕ್ ಹೊಡೆಯಬಾರದು, ಗೇರ್‌ಬಾಕ್ಸಿಗೆ ಏಟು ಬೀಳಬಾರದು ಅನ್ನುವುದೂ ಸೇರುತ್ತದೆ. ಮೈಲೇಜಿನ ಆಸೆಯಂತೂ ಇದ್ದೇ ಇದೆ. ಅದಕ್ಕೇ ಗೇರ್‌ಬಾಕ್ಸ್ ಸಿಕ್ಕ ಮೊದಲ ಅವಕಾಶದಲ್ಲೇ ದೊಡ್ಡ ಗೇರಿಗೆ ಹಾರಿ, ಎಂಜಿನ್ನನ್ನು 1300–1500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತೂಕಡಿಸಲು ಬಿಡುತ್ತದೆ.

ಇದರ ಮೇಲೆ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪ್. ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್ ಕಾಗದದಲ್ಲಿ ಭಾರಿ ಕಾಣುತ್ತದೆ. ವೆನ್ಯೂ 1.0 ಟರ್ಬೊದ 172 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ, ಶುರುವಾಗುವುದು 1500 ಆರ್‌ಪಿಎಂನಲ್ಲಿ, ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ ಕೊಡುವ 178 ಶುರುವಾಗುವುದು 1750ರಲ್ಲಿ. ಅದಕ್ಕಿಂತ ಕೆಳಗೆ ಇದ್ದಾಗ ನೀವು ಓಡಿಸುತ್ತಿರುವುದು ಸುಮ್ನೆ ಒಂದು ಲೀಟರ್ ಎಂಜಿನ್. ಟರ್ಬೊ ತಿರುಗಿ ಗಾಳಿ ತುಂಬುವವರೆಗೆ ಕಾಯಲೇಬೇಕು.

ಅಂದರೆ ಒಂದೇ ಒತ್ತಿಗೆ ಮೂರು ತಡ ಒಟ್ಟಿಗೆ ಸೇರುತ್ತವೆ. ಥ್ರಾಟಲ್ ತೆರೆಯುವ ತಡ, ಗೇರ್ ಇಳಿಸುವ ತಡ, ಟರ್ಬೊ ತುಂಬುವ ತಡ. 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ ಅನ್ನುವುದು ನೆನಪಿರಲಿ. ಹೈವೇಯಲ್ಲಿ ಒಂದು ಸೆಕೆಂಡ್ ಸಣ್ಣದಲ್ಲ.

ಮೊದಲು ಕಾಲಡಿ ನೋಡಿ

ನಗಬೇಡಿ, ಮೊದಲನೇ ಚೆಕ್ ಮ್ಯಾಟ್. ಶೋರೂಮ್ ಮ್ಯಾಟಿನ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಹಾಕಿಸುವ ಅಭ್ಯಾಸ ನಮ್ಮಲ್ಲಿ ಇದೆ. ಅದು ಜರುಗಿ ಪೆಡಲಿನ ಕೆಳಗೆ ಹೋದರೆ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ. ಕೆಲವು ಆಟೋಮ್ಯಾಟಿಕ್ ಕಾರುಗಳಲ್ಲಿ ಪೆಡಲಿನ ಕೊನೆಯಲ್ಲಿ ಒಂದು ಟಕ್ ಅನ್ನುವ ತಡೆ ಇರುತ್ತದೆ. ಅದನ್ನು ದಾಟಿದರೆ ಮಾತ್ರ ಗೇರ್‌ಬಾಕ್ಸ್ "ಇವರಿಗೆ ನಿಜವಾಗಿ ಅರ್ಜೆಂಟ್ ಇದೆ" ಅಂತ ತಿಳಿದು ಆದಷ್ಟು ಕೆಳಗಿನ ಗೇರಿಗೆ ಇಳಿಸುತ್ತದೆ. ಮ್ಯಾಟ್ ಅಡ್ಡ ಬಂದರೆ ಆ ಟಕ್ ಯಾವತ್ತೂ ಸಿಗುವುದಿಲ್ಲ. ಮ್ಯಾಟ್ ಪೆಡಲಿನ ಮೇಲೆ ಸಿಕ್ಕಿಕೊಂಡರೆ ಇನ್ನೂ ಅಪಾಯ. ಒಂದೇ ಮ್ಯಾಟ್ ಇರಲಿ, ಕೊಕ್ಕೆಗೆ ಸಿಕ್ಕಿಸಿ ಇಡಿ.

ಆಮೇಲೆ ಇಕೋ, ಅಂದರೆ ಮೈಲೇಜ್ ಮೋಡಿನ ಬಟನ್. ಕೆಲವು ಗಾಡಿಗಳು ಕೊನೆಗೆ ಬಿಟ್ಟ ಮೋಡಿನಲ್ಲೇ ಮತ್ತೆ ಶುರುವಾಗುತ್ತವೆ. ಮಗನೋ ಡ್ರೈವರೋ ಇಕೋ ಹಾಕಿ ಬಿಟ್ಟಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ, ಗಾಡಿ ಮಾತ್ರ ಎಮ್ಮೆ ಆಗಿರುತ್ತದೆ.

ಮೂರನೆಯದು, ಎಡಗಾಲು. ಮ್ಯಾನುವಲ್‌ನಿಂದ ಬಂದವರಿಗೆ ಎಡಗಾಲು ಸುಮ್ಮನಿರುವುದಿಲ್ಲ, ಕ್ಲಚ್ ಇಲ್ಲದ ಜಾಗದಲ್ಲಿ ಬ್ರೇಕಿನ ಮೇಲೆ ಹೋಗಿ ಕೂರುತ್ತದೆ. ಈಗಿನ ಗಾಡಿಗಳಲ್ಲಿ ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡೂ ಒಟ್ಟಿಗೆ ಒತ್ತಿದರೆ ಇಸಿಯು ಬ್ರೇಕಿನ ಮಾತು ಕೇಳಿ ಎಂಜಿನ್ ಪವರ್ ಕತ್ತರಿಸುತ್ತದೆ. ಅದು ಸುರಕ್ಷತೆಗೆ ಇಟ್ಟಿದ್ದು, ಪಿಕಪ್ ಹೋಗಿದ್ದಲ್ಲ. ಎಡಗಾಲಿಗೆ ಪಕ್ಕದಲ್ಲಿ ಇಡುವ ಜಾಗ ಇದೆ, ಅಲ್ಲೇ ಇರಲಿ. ಎರಡೂ ಪೆಡಲ್ ಬಲಗಾಲಿನದು.

ಟೈರಿನ ಗಾಳಿ, ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಿದೆಯಾ ಅನ್ನುವುದೂ ನೋಡಿಬಿಡಿ. ಹತ್ತು-ಹದಿನೈದು ಕಿ.ಮೀ. ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದೇ ಚಕ್ರ ಮಾತ್ರ ವಿಪರೀತ ಕಾವು ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ತಡ ಎಲ್ಲಿ ಅಂತ ಪತ್ತೆ ಮಾಡುವುದು

ಇದಕ್ಕೆ ಖಾಲಿ, ನೇರ, ಸಮತಟ್ಟು ರಸ್ತೆ ಬೇಕು. ಬೆಳಗಿನ ಜಾವದ ರಿಂಗ್ ರೋಡ್ ಆಗಬಹುದು. ಹೈವೇ ಸರ್ವಿಸ್ ರಸ್ತೆ ಬೇಡ. ಅಲ್ಲಿ ಎದುರಿನಿಂದ ಬೈಕು, ಕುರಿ ಹಿಂಡು, ಒಣಗಲು ಹರವಿದ ಮೆಕ್ಕೆಜೋಳ ಎಲ್ಲಾ ಬರುತ್ತವೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಮೀಟರ್ ನೋಡುವ ಕೆಲಸ ಅವರದು.

ಎಂಜಿನ್ ಪೂರ್ತಿ ಬಿಸಿಯಾಗಲಿ. ತಣ್ಣಗಿರುವ ಗಾಡಿಯಲ್ಲಿ ಪರೀಕ್ಷೆ ಮಾಡಬೇಡಿ. ಬೆಳಿಗ್ಗೆ ಮೊದಲ ಕೆಲವು ನಿಮಿಷ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಲಿ ಅಂತ ಇಸಿಯು ಆರ್‌ಪಿಎಂ ಎತ್ತಿ ಇಡುತ್ತದೆ, ಗೇರ್‌ಬಾಕ್ಸ್ ಕೂಡ ಗೇರ್ ಏರಿಸಲು ತಡ ಮಾಡುತ್ತದೆ. ಅದು ಮಾಮೂಲು.

ಈಗ ಗೇರ್‌ಬಾಕ್ಸನ್ನು ಮ್ಯಾನುವಲ್ ಮೋಡಿಗೆ ಹಾಕಿ. ಲಿವರ್ ಪಕ್ಕಕ್ಕೆ ತಳ್ಳುವುದೋ, ಸ್ಟೇರಿಂಗ್ ಹಿಂದಿನ ಪ್ಯಾಡಲೋ, ನಿಮ್ಮ ಗಾಡಿಯಲ್ಲಿ ಯಾವುದಿದೆಯೋ ಅದು. 3ನೇ ಗೇರಿನಲ್ಲಿ 2500 ಆರ್‌ಪಿಎಂ ಬರುವ ಹಾಗೆ ಒಂದೇ ವೇಗದಲ್ಲಿ ಹೋಗಿ, ಎಸಿ ಆಫ್ ಮಾಡಿ, ಪೆಡಲನ್ನು ಮುಕ್ಕಾಲು ಒತ್ತಿ. ಗಾಡಿ ತಕ್ಷಣ ಎಳೆಯಿತಾ? ಹಾಗಾದರೆ ಪೆಡಲ್, ಥ್ರಾಟಲ್, ಎಂಜಿನ್, ಟರ್ಬೊ ಎಲ್ಲಾ ಸರಿ ಇವೆ. ನಿಮ್ಮ ತಡ ಇರುವುದು ಡಿ ಮೋಡಿನಲ್ಲಿ ಗೇರ್‌ಬಾಕ್ಸ್ ಗೇರ್ ಆರಿಸುವ ರೀತಿಯಲ್ಲಿ, ಅದನ್ನು ಕಾಲಿನಿಂದ ಸರಿ ಮಾಡಬಹುದು. 2500ರಲ್ಲೂ ಗಾಡಿ ಮಂಕಾಗಿ, ಅಳುತ್ತಾ ಏರಿದರೆ ತೊಂದರೆ ಎಂಜಿನ್ ಕಡೆ ಇದೆ, ಕೆಳಗೆ ಬರುತ್ತೇನೆ.

ಇನ್ನೊಂದು ಪರೀಕ್ಷೆ. ಅದೇ ಮ್ಯಾನುವಲ್ ಮೋಡಿನಲ್ಲಿ 4ನೇ ಗೇರ್, ಸುಮಾರು 50 ಕಿ.ಮೀ. ವೇಗ, ಪೆಡಲ್ ಒತ್ತಿ. ಆರ್‌ಪಿಎಂ ಮುಳ್ಳು ಮತ್ತು ವೇಗ ಎರಡೂ ಜೊತೆಯಲ್ಲಿ ಏರಬೇಕು. ಮುಳ್ಳು ಮಾತ್ರ ಮೇಲೆ ಹಾರಿ ವೇಗ ಅಲ್ಲೇ ಉಳಿದರೆ, ಎಎಂಟಿ ಮತ್ತು ಡಿಸಿಟಿಯಲ್ಲಿ ಅದು ಕ್ಲಚ್ ಜಾರುವ ಲಕ್ಷಣ (ಇವು ಗೇರ್‌ಬಾಕ್ಸಿನ ಜಾತಿಗಳು, ಯಾವುದು ಏನು ಅಂತ ಕೆಳಗೆ ಹೇಳುತ್ತೇನೆ). ಸಿವಿಟಿಯಲ್ಲಿ ಮುಳ್ಳು ಹಾರುವುದು ಅದರ ಹುಟ್ಟುಗುಣ. ಟಾರ್ಕ್ ಕನ್ವರ್ಟರಿನಲ್ಲೂ ಸ್ವಲ್ಪ ಹಾರಿ ಆಮೇಲೆ ಕೂಡಿಕೊಳ್ಳುತ್ತದೆ, ಹೆದರಬೇಡಿ.

ಕೈಯಲ್ಲಿ ಗಾಡಿಯ ಕಂಪ್ಯೂಟರಿನ ಲೆಕ್ಕ ಓದುವ ಒಂದು ಅಗ್ಗದ ಓಬಿಡಿ ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ, ಮೊಬೈಲ್ ಆ್ಯಪಿನಲ್ಲಿ ಪೆಡಲ್ ಎಷ್ಟು ಶೇಕಡ, ಥ್ರಾಟಲ್ ಎಷ್ಟು ಶೇಕಡ ಅನ್ನುವ ಎರಡು ಲೆಕ್ಕ ತೆರೆದಿಡಿ. ಗಾಡಿ ನಿಲ್ಲಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಶನ್ ಮಾತ್ರ ಆನ್ ಮಾಡಿ, ಪೆಡಲ್ ನಿಧಾನ ಒತ್ತಿ. ಪೆಡಲಿನ ಲೆಕ್ಕ ಎಲ್ಲೂ ನೆಗೆಯದೆ ಒಂದೇ ಸಮ ಏರಬೇಕು. ಕೆಲವು ಆ್ಯಪಿನಲ್ಲಿ ಅದು 100 ಮುಟ್ಟದೆ 80ರ ಹತ್ತಿರ ನಿಲ್ಲುತ್ತದೆ, ಅದು ಸೆನ್ಸರಿನ ಅಳತೆಯ ರೀತಿ, ದೋಷ ಅಲ್ಲ. ಮಧ್ಯದಲ್ಲಿ ಸೊನ್ನೆಗೆ ಬಿದ್ದು ಎದ್ದರೆ ಮಾತ್ರ ಪೆಡಲ್ ಸೆನ್ಸರ್ ನೋಡಿಸಿ. ಓಡುವಾಗ ಪೆಡಲ್ ತಕ್ಷಣ ಏರಿ ಥ್ರಾಟಲ್ ಸಾವಕಾಶ ಹಿಂಬಾಲಿಸುತ್ತಿದ್ದರೆ ಅದು ಬಹುತೇಕ ಕಂಪನಿ ಬರೆದಿಟ್ಟ ಬುದ್ಧಿ. ಓಡಿಸುವವರು ಫೋನ್ ನೋಡಬಾರದು, ಪಕ್ಕದವರಿಗೆ ಕೊಡಿ.

ನಿಮ್ಮದು ಯಾವ ಗೇರ್‌ಬಾಕ್ಸ್

"ಆಟೋಮ್ಯಾಟಿಕ್" ಅಂತ ಒಂದೇ ಹೆಸರು ಹೇಳಿ ಮಾರುತ್ತಾರೆ, ಒಳಗೆ ನಾಲ್ಕು ಜಾತಿ. ಒಂದನ್ನು ಓಡಿಸುವ ಹಾಗೆ ಇನ್ನೊಂದನ್ನು ಓಡಿಸಿದರೆ ಜಗಳ ತಪ್ಪಿದ್ದಲ್ಲ.

ಎಎಂಟಿ ನಮ್ಮ ಕಡೆ ಜಾಸ್ತಿ. ಮಾರುತಿಯವರು 2014ರಲ್ಲಿ ಸೆಲೆರಿಯೊದಲ್ಲಿ ತಂದರು, ಎಜಿಎಸ್ ಅಂತ ಕರೆದರು. ಅಸಲಿಗೆ ಇದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಹಾಕುವುದನ್ನು ನಿಮ್ಮ ಬದಲು ಒಂದು ಯಂತ್ರ ಮಾಡುತ್ತದೆ. ಹಾಗಾಗಿ ಪ್ರತಿ ಗೇರಿಗೂ ಒಂದು ಕ್ಷಣ ಎಂಜಿನ್ನಿನ ಎಳೆತ ಕಡಿದುಹೋಗುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ. ಮ್ಯಾನುವಲ್‌ನಲ್ಲೂ ಕ್ಲಚ್ ಒತ್ತಿದಾಗ ಎಳೆತ ಹೋಗುತ್ತದೆ, ಆದರೆ ಅಲ್ಲಿ ನೀವೇ ಕಾಲು ಎತ್ತಿರುತ್ತೀರಿ, ಇಲ್ಲಿ ಒತ್ತಿಕೊಂಡೇ ಇರುತ್ತೀರಿ. ಮದ್ದೂ ಅದೇ. ಗೇರ್ ಏರುವ ಹೊತ್ತು ಕಿವಿಗೆ ಗೊತ್ತಾಗುತ್ತದೆ, 2000 ದಾಟಿ 2500ರ ಹತ್ತಿರ ಬಂದಾಗ ಕಾಲನ್ನು ಒಂದು ಕೂದಲೆಳೆ ಸಡಿಲಿಸಿ, ಗೇರ್ ಬಿದ್ದ ಮೇಲೆ ಮತ್ತೆ ಒತ್ತಿ. ಸ್ವಲ್ಪ ದಿನದಲ್ಲಿ ಕಾಲು ತಾನೇ ಕಲಿಯುತ್ತದೆ, ಜರ್ಕ್ ಅರ್ಧಕ್ಕರ್ಧ ಮಾಯ. ಪೆಡಲ್ ನೆಲಕ್ಕೆ ತುಳಿದು ಕೂತರೆ ಎಎಂಟಿ ಯಾವತ್ತೂ ಹಿತವಾಗಿ ಓಡುವುದಿಲ್ಲ.

ಏರಿನಲ್ಲಿ ಎಎಂಟಿಯನ್ನು ಆಕ್ಸಿಲರೇಟರ್ ಒತ್ತಿ ನಿಲ್ಲಿಸಿಕೊಳ್ಳಬೇಡಿ. ಚಿತ್ರದುರ್ಗದ ಜೋಗಿಮಟ್ಟಿ ರಸ್ತೆ ಹತ್ತಿದವರಿಗೆ ಗೊತ್ತು, ಮುಂದಿನ ಗಾಡಿ ನಿಂತರೆ ನೀವೂ ಏರಿನಲ್ಲೇ ನಿಲ್ಲಬೇಕು. ಅಲ್ಲಿ ಬ್ರೇಕ್ ಒತ್ತಿ ನಿಲ್ಲಿ. ಹಿಲ್ ಹೋಲ್ಡ್ ಇದ್ದರೆ ಬ್ರೇಕ್ ಬಿಟ್ಟ ಮೇಲೂ ಎರಡು-ಮೂರು ಸೆಕೆಂಡ್ ಹಿಡಿದಿರುತ್ತದೆ. ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಹಾಕಿ, ಗಾಡಿ ಮುಂದಕ್ಕೆ ಎಳೆಯುವುದು ತಿಳಿದ ಮೇಲೆ ಬಿಡಿ, ಮ್ಯಾನುವಲ್‌ನಲ್ಲಿ ಮಾಡುತ್ತಿದ್ದ ಹಾಗೆಯೇ. ಇಳಿಯುವಾಗ ನ್ಯೂಟ್ರಲ್ ಬೇಡ, ಮ್ಯಾನುವಲ್ ಮೋಡಿನಲ್ಲಿ 2ನೇ ಗೇರ್ ಸಾಕು, ಬ್ರೇಕ್ ಕಾಯುವುದಿಲ್ಲ.

ಡಿಸಿಟಿ, ಡಿಎಸ್‌ಜಿ, ಡಿಸಿಎ, ಎಲ್ಲಾ ಒಂದೇ ಕುಲ. ಎರಡು ಕ್ಲಚ್ ಇರುತ್ತವೆ, ಒಂದು ಗೇರ್ ಓಡುತ್ತಿರುವಾಗ ಮುಂದಿನದು ತಯಾರಾಗಿರುತ್ತದೆ. ಓಡುವಾಗ ಇಷ್ಟು ಚುರುಕು ಇನ್ನೊಂದಿಲ್ಲ. ತಡ ಇರುವುದು ನಿಂತಲ್ಲಿಂದ ಹೊರಡುವಾಗ, ಅದೂ ಡ್ರೈ ಕ್ಲಚ್ ಆಗಿದ್ದರೆ. ಹ್ಯೂಂಡೈ-ಕಿಯಾ 1.0 ಟರ್ಬೊದ 7 ಸ್ಪೀಡ್ ಡಿಸಿಟಿ, ಫೋಕ್ಸ್‌ವ್ಯಾಗನ್-ಸ್ಕೋಡಾ 1.5 ಟಿಎಸ್‌ಐ ಡಿಎಸ್‌ಜಿ ಡ್ರೈ ಕ್ಲಚ್‌ನವು. ಟಾಟಾ ಆಲ್ಟ್ರೋಜ್ ಡಿಸಿಎ ವೆಟ್ ಕ್ಲಚ್, ಅಂದರೆ ಆಯಿಲಿನಲ್ಲಿ ತಣ್ಣಗಾಗುವಂಥದ್ದು. ಡ್ರೈ ಕ್ಲಚ್ಚಿಗೆ ವೈರಿ ಇಂಚಿಂಚು ತೆವಳುವ ಟ್ರಾಫಿಕ್. ಏಪ್ರಿಲ್ ಬಿಸಿಲಿನಲ್ಲಿ, ಮದುವೆ ಸೀಸನ್ನಿನಲ್ಲಿ, ದಾವಣಗೆರೆಯ ಮಂಡಿಪೇಟೆ ಕಡೆ ಅರ್ಧ ಗಂಟೆ ತೆವಳಿದರೆ ಕ್ಲಚ್ ಕಾಯುತ್ತದೆ. ಆಗ ಗಾಡಿ ಹೊರಡಲು ಹಿಂಜರಿಯುತ್ತದೆ, ನಡುಗುತ್ತದೆ, ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿ ಅಂತ ಸೂಚನೆ ಬರುತ್ತದೆ. ಬಂದರೆ ಪಕ್ಕಕ್ಕೆ ಹಾಕಿ ಪಿ ಗೆ ಹಾಕಿ, ಸೂಚನೆ ಹೋಗುವವರೆಗೆ ಕಾಯಿರಿ. ಬರದ ಹಾಗೆ ನೋಡಿಕೊಳ್ಳುವುದು ಸುಲಭ. ಮುಂದಿನ ಗಾಡಿ ಒಂದಡಿ ಹೋದಾಗಲೆಲ್ಲಾ ನೀವೂ ಒಂದಡಿ ಹೋಗಬೇಡಿ. ಒಂದೂವರೆ ಕಾರು ಉದ್ದ ಜಾಗ ಆಗಲಿ, ಆಮೇಲೆ ಒಂದೇ ಸಲ ಬ್ರೇಕ್ ಬಿಟ್ಟು ಹೋಗಿ. ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಅವರು ನಿಮ್ಮ ಕ್ಲಚ್ಚಿಗೆ ದುಡ್ಡು ಕೊಡುವುದಿಲ್ಲ.

ಟಾರ್ಕ್ ಕನ್ವರ್ಟರ್ ಹಳೇ ಕಾಲದ ನಿಜವಾದ ಆಟೋಮ್ಯಾಟಿಕ್. ಬ್ರೆಝಾದ 6 ಸ್ಪೀಡ್, 1.0 ಟಿಎಸ್‌ಐನ 6 ಸ್ಪೀಡ್ ಈ ಜಾತಿ. ಎಂಜಿನ್ನಿಗೂ ಗೇರಿಗೂ ಮಧ್ಯೆ ಆಯಿಲ್ ಇರುವುದರಿಂದ ತೆವಳುವಾಗ ಬಹಳ ಹಿತ, ನಮ್ಮ ಊರಿನ ರಸ್ತೆಗೆ ನನ್ನನ್ನು ಕೇಳಿದರೆ ಇದೇ ಒಳ್ಳೆಯದು. ದೂರು ಬರುವುದು ಹೈವೇಯಲ್ಲಿ, 6ರಿಂದ 4ಕ್ಕೋ 3ಕ್ಕೋ ಇಳಿಯಲು ಯೋಚಿಸುವಾಗ.

ಸಿವಿಟಿಯಲ್ಲಿ ಗೇರೇ ಇಲ್ಲ, ಎರಡು ಪುಲ್ಲಿ ಮತ್ತು ಒಂದು ಲೋಹದ ಬೆಲ್ಟ್. ಹ್ಯೂಂಡೈನವರು ಐವಿಟಿ ಅನ್ನುತ್ತಾರೆ. ಹೋಂಡಾ ಸಿಟಿ, ಅಮೇಜ್, ಮ್ಯಾಗ್ನೈಟ್ ಟರ್ಬೊದಲ್ಲೂ ಸಿವಿಟಿ ಇದೆ. ಜೋರಾಗಿ ಒತ್ತಿದರೆ ಮೊದಲು ಸದ್ದು ಏರುತ್ತದೆ, ವೇಗ ಆಮೇಲೆ ಬರುತ್ತದೆ. ಇದಕ್ಕೆ ಅರ್ಧ ಪೆಡಲ್ ಒತ್ತಿ ಹಾಗೇ ಹಿಡಿದುಕೊಳ್ಳುವುದೇ ದಾರಿ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಪ್ರತಿ ಸಲವೂ ಅದು ಮೊದಲಿನಿಂದ ಲೆಕ್ಕ ಹಾಕುತ್ತದೆ.

ಓವರ್‌ಟೇಕ್: ಗೇರ್ ಮೊದಲು, ಲೇನ್ ಆಮೇಲೆ

ಎನ್‌ಎಚ್ 48ರಲ್ಲಿ ಎದುರು ಗಾಡಿ ಬರುವುದಿಲ್ಲ, ತಡವಾದರೂ ಮರ್ಯಾದೆ ಮಾತ್ರ ಹೋಗುತ್ತದೆ. ಸಂತೆಬೆನ್ನೂರು ಮೇಲೆ ಚನ್ನಗಿರಿಗೆ ಹೋಗುವಾಗ, ಹೊಳಲ್ಕೆರೆಯಿಂದ ಹೊಸದುರ್ಗದ ಕಡೆ ಹೋಗುವಾಗ ಹಾಗಲ್ಲ. ಎರಡೇ ಲೇನ್, ಮುಂದೆ ಅಡಿಕೆ ತುಂಬಿದ ಪಿಕಪ್ ಗಾಡಿ ಇಲ್ಲವೇ ಕಬ್ಬಿನ ಟ್ರ್ಯಾಕ್ಟರ್, ಎದುರಿನಿಂದ ಬಸ್. ಅಲ್ಲಿ ಬಲಕ್ಕೆ ಬಂದ ಮೇಲೆ ಗೇರ್‌ಬಾಕ್ಸ್ ಯೋಚನೆ ಶುರು ಮಾಡಿದರೆ ಕೆಲಸ ಕೆಟ್ಟಿತು.

ಹಾಗಾಗಿ ಕ್ರಮ ಬದಲಿಸಿ. ನಿಮ್ಮ ಲೇನಿನಲ್ಲೇ ಇದ್ದು, ಮುಂದಿನ ಗಾಡಿಗೆ ತೀರಾ ಅಂಟಿಕೊಳ್ಳದೆ ಸ್ವಲ್ಪ ಅಂತರ ಬಿಟ್ಟು, ಮೊದಲೇ ಎಸ್ (ಸ್ಪೋರ್ಟ್) ಮೋಡಿಗೆ ಹಾಕಿ ಇಲ್ಲವೇ ಎಡ ಪ್ಯಾಡಲಿನಿಂದ ಒಂದೋ ಎರಡೋ ಗೇರ್ ಇಳಿಸಿ. ಆರ್‌ಪಿಎಂ 2500–3000ಕ್ಕೆ ಬರಲಿ. ಈಗ ಟರ್ಬೊ ಎಚ್ಚರ ಇದೆ, ಗೇರ್ ತಯಾರಿದೆ. ಎದುರು ಖಾಲಿ ಆದ ಕೂಡಲೇ ಪೆಡಲ್ ಒತ್ತಿ, ಗಾಡಿ ಎಳೆಯುವುದು ಬೆನ್ನಿಗೆ ತಿಳಿದ ಮೇಲೆ ಬಲಕ್ಕೆ ಬನ್ನಿ. ಎಳೆಯಲಿಲ್ಲವಾ, ಬಿಟ್ಟುಬಿಡಿ, ನೀವು ಇನ್ನೂ ನಿಮ್ಮ ಲೇನಿನಲ್ಲೇ ಇದ್ದೀರಿ, ಬ್ರೇಕ್ ಒತ್ತಿ ಮತ್ತೆ ಅಂತರ ಮಾಡಿಕೊಳ್ಳಿ. ಎಎಂಟಿಯಲ್ಲಂತೂ ಇದು ಬಿಟ್ಟರೆ ಬೇರೆ ದಾರಿ ಇಲ್ಲ. ಯಾಕೆಂದರೆ ಅದು ಗೇರ್ ಇಳಿಸುವಾಗ ಎಳೆತ ಪೂರ್ತಿ ನಿಲ್ಲುತ್ತದೆ, ಆ ನಿಲುವು ಬಲಗಡೆ ಲೇನಿನಲ್ಲಿ ಆಗಬಾರದು.

ಪ್ಯಾಡಲ್ ಇಲ್ಲ, ಎಸ್ ಮೋಡೂ ಇಲ್ಲ ಅನ್ನುವವರು ಪೆಡಲನ್ನು ಎರಡು ಹಂತದಲ್ಲಿ ಒತ್ತಿ ನೋಡಿ. ಮೊದಲು ಅರ್ಧ, ಒಂದು ಗೇರ್ ಇಳಿಯುವುದು ಕೇಳಿಸುತ್ತದೆ. ಆಮೇಲೆ ಉಳಿದದ್ದು. ಒಮ್ಮೆಲೇ ನೆಲಕ್ಕೆ ತುಳಿದರೆ ಎರಡು-ಮೂರು ಗೇರ್ ಒಟ್ಟಿಗೆ ಇಳಿಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ, ಇಳಿದ ಮೇಲೆ ಕೂಗಾಟ ಬೇರೆ.

ಊರೊಳಗೆ ಇನ್ನೊಂದು ತಡ ಕಾಡುತ್ತದೆ, ಸಿಗ್ನಲಿನಲ್ಲಿ ಎಂಜಿನ್ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್. ಬ್ರೇಕ್ ಬಿಟ್ಟು ಎಂಜಿನ್ ಎದ್ದು ಗಾಡಿ ಹೊರಡುವುದರೊಳಗೆ ಹಿಂದಿನ ಆಟೋ ನಿಮ್ಮ ಮುಂದೆ ಇರುತ್ತದೆ. ಬೇಡವಾದರೆ ಅದರ ಬಟನ್ ಒತ್ತಿ ಆಫ್ ಮಾಡಿ, ತುಂಬಾ ಗಾಡಿಗಳಲ್ಲಿ ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಒತ್ತಬೇಕಾಗುತ್ತದೆ. ರೈಲ್ವೆ ಗೇಟ್ ಬಿದ್ದಾಗ, ಬೆಣ್ಣೆ ದೋಸೆ ಪಾರ್ಸೆಲ್ ಬರುವವರೆಗೆ ಕಾಯುವಾಗ, ಡಿಯಲ್ಲಿ ಬ್ರೇಕ್ ಒತ್ತಿ ಹತ್ತು ನಿಮಿಷ ಕೂರಬೇಡಿ. ನ್ಯೂಟ್ರಲ್ ಮತ್ತು ಹ್ಯಾಂಡ್‌ಬ್ರೇಕ್, ಇಲ್ಲವೇ ಪಿ.

ಎಂಜಿನ್ ಕಡೆ ನಿಜವಾಗಿ ತೊಂದರೆ ಇದ್ದರೆ

2500ರಲ್ಲೂ ಗಾಡಿ ಎಳೆಯದಿದ್ದರೆ ಅಗ್ಗದ್ದರಿಂದ ಶುರು ಮಾಡಿ. ಏರ್ ಫಿಲ್ಟರ್ ಮೊದಲು. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಹಳ್ಳಿ ರಸ್ತೆಯಲ್ಲಿ ಓಡಾಡುವವರು, ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ಹೋಗುವವರು ಸರ್ವಿಸ್ ಪುಸ್ತಕದ ಕಿ.ಮೀ. ಲೆಕ್ಕ ನೆಚ್ಚಿಕೊಳ್ಳಬೇಡಿ. ಕ್ಲಿಪ್ ಬಿಚ್ಚಿ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ, ಬೆಳಕು ಕಾಣದಿದ್ದರೆ ಹೊಸದು ಹಾಕಿ.

ಥ್ರಾಟಲ್ ಬಾಡಿಯಲ್ಲಿ ಕಪ್ಪು ಮಸಿ ಕಟ್ಟಿಕೊಂಡರೆ ಪೆಡಲ್ ಮೊದಲ ಭಾಗದಲ್ಲಿ ಮಂಕು, ಐಡ್ಲಿಂಗ್‌ನಲ್ಲಿ ಏರಿಳಿತ. ಕ್ಲೀನ್ ಮಾಡಿಸುವುದು ದೊಡ್ಡ ಕೆಲಸವಲ್ಲ. ಆದರೆ ಇಗ್ನಿಶನ್ ಆನ್ ಇರುವಾಗ ಅದರ ಚಿಟ್ಟೆ ಬಾಗಿಲನ್ನು ಬೆರಳಿನಿಂದ ತಳ್ಳಬಾರದು, ಮೋಟಾರ್ ಕೆಡುತ್ತದೆ, ಬೆರಳೂ ಸಿಕ್ಕಿಕೊಳ್ಳುತ್ತದೆ. ಕ್ಲೀನ್ ಆದ ಮೇಲೆ ಕೆಲವು ಗಾಡಿಗಳಿಗೆ ಸ್ಕ್ಯಾನರಿನಿಂದ ರಿಲರ್ನ್, ಅಂದರೆ ಥ್ರಾಟಲಿನ ಜಾಗವನ್ನು ಇಸಿಯುಗೆ ಮತ್ತೆ ಕಲಿಸುವ ಕೆಲಸ, ಮಾಡಬೇಕು. ಮಾಡದಿದ್ದರೆ ಮೊದಲಿಗಿಂತ ಕೆಟ್ಟದಾಗಿ ಓಡುತ್ತದೆ.

ಟರ್ಬೊ ಗಾಡಿಯಲ್ಲಿ ಒತ್ತಿದಾಗ ಬುಸ್ ಅನ್ನುವ ಹೊಸ ಸದ್ದು ಬಂದು ಎಳೆತ ಹೋಗಿದ್ದರೆ ಟರ್ಬೊದ ಗಾಳಿ ಪೈಪ್ ಬಿಟ್ಟಿದೆ ಅಂತ ಅನುಮಾನಿಸಿ. ಒತ್ತಿದಾಗ ಗಾಡಿ ತಡವರಿಸಿ ನಡುಗಿದರೆ ಸ್ಪಾರ್ಕ್ ಪ್ಲಗ್, ಇಗ್ನಿಶನ್ ಕಾಯಿಲ್. ಎಂಜಿನ್ ಚೆಕ್ ಲೈಟ್ ಹತ್ತಿ, ಆರ್‌ಪಿಎಂ ಒಂದು ಮಟ್ಟಕ್ಕಿಂತ ಮೇಲೆ ಹೋಗದಿದ್ದರೆ ಅದು ಲಿಂಪ್ ಮೋಡ್, ಗಾಡಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಆಫ್ ಮಾಡಿ ಆನ್ ಮಾಡಿದರೆ ಸರಿ ಹೋಗಬಹುದು, ಆದರೂ ಇಸಿಯುನಲ್ಲಿ ಉಳಿದ ದೋಷದ ಕೋಡ್ ಓದಿಸದೆ ಬಿಡಬೇಡಿ.

ಬಿಎಸ್6 ಡೀಸೆಲ್ ಇರುವವರಿಗೆ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಜಾಲರಿ ಇದೆ. ಬರೀ ಊರೊಳಗೆ ಮನೆ, ಅಂಗಡಿ, ಸ್ಕೂಲು ಅಂತ ಓಡಿಸಿದರೆ ಅದು ತುಂಬಿಕೊಂಡು ಗಾಡಿ ಮಂಕಾಗುತ್ತದೆ. ದಾವಣಗೆರೆ–ಚಿತ್ರದುರ್ಗ ಸುಮಾರು 60 ಕಿ.ಮೀ., ಒಂದೇ ವೇಗದಲ್ಲಿ ಹೋಗಬಹುದಾದ ರಸ್ತೆ, ಮಸಿ ಸುಟ್ಟುಕೊಳ್ಳಲು ಇದಕ್ಕಿಂತ ಬೇಕಾ? ಡಿಪಿಎಫ್ ಲೈಟ್ ಹತ್ತಿದ ದಿನ ಮಧ್ಯದಲ್ಲಿ ಆಫ್ ಮಾಡದೆ ಒಂದು ಸುತ್ತು ಹೋಗಿ ಬನ್ನಿ. ಲೈಟ್ ಮಿನುಗಲು ಶುರುವಾದರೆ ಮಾತ್ರ ನೇರ ವರ್ಕ್‌ಶಾಪ್.

ಎಎಂಟಿಯವರಿಗೆ ಇನ್ನೊಂದು ಮಾತು. ಗೇರ್ ಬೀಳದೆ ಒದ್ದಾಡುವುದು, ನ್ಯೂಟ್ರಲಿನಲ್ಲೇ ಉಳಿಯುವುದು ಶುರುವಾದರೆ ಗೇರ್‌ಬಾಕ್ಸ್ ಬಿಚ್ಚಿಸುವ ಮುಂಚೆ 12 ವೋಲ್ಟ್ ಬ್ಯಾಟರಿ ಚೆಕ್ ಮಾಡಿಸಿ. ಆ ಯಂತ್ರ ಓಡುವುದು ಅದೇ ಕರೆಂಟಿನಿಂದ.

ಇ20, ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿನಿಂದಲೇ ಪಿಕಪ್ ಹೋಯಿತು ಅನ್ನುವವರು ಬಹಳ ಜನ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ, ಇದು ನಿಜ. ಅದರ ಏಟು ಮೈಲೇಜಿನಲ್ಲಿ ಕಾಣುತ್ತದೆ. ಪೆಡಲ್ ಒತ್ತಿ ಒಂದು ಸೆಕೆಂಡ್ ಕಾಯುವ ತಡಕ್ಕೆ ಅದನ್ನು ಬೈಯುವುದು ಸರಿಯಲ್ಲ.

ಆನ್‌ಲೈನಿನಲ್ಲಿ ಸಿಗುವ ಡಬ್ಬಿ

ಪೆಡಲ್ ಸಾಕೆಟ್ಟಿಗೆ ಸಿಕ್ಕಿಸುವ ಥ್ರಾಟಲ್ ಕಂಟ್ರೋಲರ್ ಅಂತ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಅದು ಮಾಡುವುದು ಇಷ್ಟೇ: ನೀವು 30 ಒತ್ತಿದರೆ ಇಸಿಯುಗೆ 50 ಅಂತ ಸುಳ್ಳು ಹೇಳುತ್ತದೆ. ಒಂದು ಕುದುರೆ ಬಲವೂ ಹೆಚ್ಚುವುದಿಲ್ಲ, ಟರ್ಬೊ ಬೇಗ ತುಂಬುವುದಿಲ್ಲ, ಗೇರ್ ಬೇಗ ಇಳಿಯುವುದೂ ನಿಮ್ಮ ಕಾಲು ಇನ್ನಷ್ಟು ಒತ್ತಿದ್ದರೆ ಆಗುತ್ತಿದ್ದದ್ದೇ. ಸ್ಪೋರ್ಟ್ ಮೋಡ್ ಇದೇ ಕೆಲಸ ಬಿಟ್ಟಿಯಾಗಿ ಮಾಡುತ್ತದೆ, ಜೊತೆಗೆ ಗೇರನ್ನೂ ತಡವಾಗಿ ಏರಿಸುತ್ತದೆ. ಮೇಲಾಗಿ ಟ್ರಾಫಿಕ್ಕಿನಲ್ಲಿ ಪೆಡಲ್ ಮುಟ್ಟಿದರೆ ಗಾಡಿ ನೆಗೆಯುವ ಹಾಗಾಗುತ್ತದೆ. ನಾನು ಹಾಕಿಸುವುದಿಲ್ಲ. ಇಸಿಯು ರೀಮ್ಯಾಪ್ ಬೇರೆ ವಿಷಯ, ಅದರಲ್ಲಿ ನಿಜವಾಗಿ ಬಲ ಹೆಚ್ಚುತ್ತದೆ, ವಾರಂಟಿ ಹೋಗುತ್ತದೆ, ಡ್ರೈ ಕ್ಲಚ್ಚಿನ ಮೇಲೆ ಹೊರೆ ಬೀಳುತ್ತದೆ. ಹೊಸ ಗಾಡಿಗೆ ಬೇಡ.

ಸರ್ವಿಸ್ ಸೆಂಟರಿಗೆ ಹೋದಾಗ

"ಪಿಕಪ್ ಇಲ್ಲ" ಅಂತ ಹೇಳಿದರೆ ಅವರು ಬರೆದುಕೊಳ್ಳುವುದೂ ಅಷ್ಟೇ, ವಾಶ್ ಮಾಡಿ ವಾಪಸ್ ಕೊಡುವುದೂ ಅಷ್ಟೇ. ಹೀಗೆ ಹೇಳಿ: "ಎಂಜಿನ್ ಬಿಸಿ ಇದ್ದಾಗ, ಎಸಿ ಆನ್ ಇದ್ದಾಗ, 40ರಿಂದ 60ಕ್ಕೆ ಹೋಗುವಾಗ, ಡಿಯಲ್ಲಿ, ಪೆಡಲ್ ಅರ್ಧ ಒತ್ತಿದರೆ ತಡ ಆಗುತ್ತದೆ, ಮ್ಯಾನುವಲ್ ಮೋಡಿನಲ್ಲಿ ಆಗುವುದಿಲ್ಲ." ಪಕ್ಕದವರಿಂದ ಮೀಟರಿನ ವಿಡಿಯೋ ಮಾಡಿಸಿಟ್ಟುಕೊಳ್ಳಿ. ಟೆಸ್ಟ್ ಡ್ರೈವಿಗೆ ಸಲಹೆಗಾರರ ಬದಲು ಟೆಕ್ನೀಶಿಯನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೀವು ಓಡಿಸಿ ತೋರಿಸಿ.

"ಈ ಮಾಡೆಲ್ಲೇ ಹೀಗೆ ಸಾರ್" ಅಂದರೆ ಜಗಳ ಆಡಬೇಡಿ, ಶೋರೂಮಿನ ಟೆಸ್ಟ್ ಡ್ರೈವ್ ಗಾಡಿ ಕೇಳಿ. ಅದೇ ಮಾಡೆಲ್, ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ಅದೇ ರಸ್ತೆ. ಎರಡೂ ಒಂದೇ ಥರ ಓಡಿದರೆ ಅವರು ಹೇಳಿದ್ದು ನಿಜ, ಮೇಲೆ ಹೇಳಿದ ಕಾಲಿನ ಅಭ್ಯಾಸ ಮಾಡಿಕೊಳ್ಳಿ. ನಿಮ್ಮದು ಎದ್ದು ಕಾಣುವಷ್ಟು ಮಂಕಾಗಿದ್ದರೆ ಇನ್ನು ಅವರು ತಪ್ಪಿಸಿಕೊಳ್ಳುವ ಹಾಗಿಲ್ಲ.

ಮೂರು ವಿಷಯ ಬಾಯಿಬಿಟ್ಟು ಕೇಳಿ. ಎಂಜಿನ್ನಿಗೋ ಗೇರ್‌ಬಾಕ್ಸಿಗೋ ಹೊಸ ಸಾಫ್ಟ್‌ವೇರ್ ಬಂದಿದೆಯಾ? ಉಳಿದ ಕೋಡ್ ಏನಾದರೂ ಇದೆಯಾ? ಎಎಂಟಿ, ಡಿಸಿಟಿ ಆಗಿದ್ದರೆ ಕ್ಲಚ್ ಹಿಡಿಯುವ ಜಾಗವನ್ನು ಗಾಡಿಯ ಕಂಪ್ಯೂಟರಿಗೆ ಮತ್ತೆ ಕಲಿಸಿದ್ದೀರಾ? ಆಯಿಲ್ ವಿಷಯದಲ್ಲಿ ಹುಷಾರು, ಸಿವಿಟಿಗೆ ಸಿವಿಟಿ ಆಯಿಲ್ಲೇ ಬೇಕು, "ಇದೂ ಅದೇ ಥರ" ಅಂತ ಬೇರೆ ಹಾಕಲು ಬಿಡಬೇಡಿ. ಬದಲಾಯಿಸುವ ಕಿ.ಮೀ. ಲೆಕ್ಕ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ, ಧೂಳು ಮತ್ತು ಟ್ರಾಫಿಕ್ ಜಾಸ್ತಿ ಇರುವವರಿಗೆ ಬೇರೆ ಕಾಲಂ ಇದ್ದರೆ ನಮ್ಮದು ಅದೇ ಅಂತ ತಿಳಿಯಿರಿ.

ಏನು ದೂರು ಕೊಟ್ಟಿರಿ, ಅವರು ಏನು ಮಾಡಿದರು ಅನ್ನುವುದು ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರಬೇಕು. "ಜನರಲ್ ಚೆಕಪ್" ಅಂತ ಬರೆದಿದ್ದರೆ ತಿದ್ದಿಸಿ, ಆಮೇಲೆ ಸೈನ್ ಮಾಡಿ. ವಾರಂಟಿ ಮುಗಿದ ಮೇಲೆ ಕ್ಲಚ್ ಹೋದರೆ, ಅದು ವಾರಂಟಿಯೊಳಗೇ ಶುರುವಾದ ದೂರು ಅಂತ ತೋರಿಸಲು ಆ ಕಾಗದ ಬಿಟ್ಟರೆ ನಿಮ್ಮ ಹತ್ತಿರ ಬೇರೇನೂ ಇರುವುದಿಲ್ಲ.